ಜ್ವರ ಅಂಜುವ ಮಗ್ಗಲು

ಅಮೋಗಸಿದ್ಧನ ಮಗ್ಗಲಲ್ಲಿ ಮಲಗಿದರೆ ಎಂಥ ಜ್ವರವೂ ಇಳಿಯುತ್ತದೆ ಎಂಬ ಮಾತನ್ನು ಆ ಹಟ್ಟಿಯಲ್ಲಿ ಮೊದಲು ಹುಟ್ಟಿಸಿದವರು ಯಾರೋ, ಅವರ ಬಾಯಿಗೆ ಹುಳ ಬೀಳಲಿ. ಅಕ್ಕಲಕೋಟದಿಂದ ಎರಡು ಹರದಾರಿ ದೂರದಲ್ಲಿ ಇಪ್ಪತ್ತೆಂಟು ಮನೆಗಳ ಕುರುಬರ ಹಟ್ಟಿ ಅದು. ಬೀರೋಬನ ಗುಡಿ ಒಂದು, ಕಾಲುವೆ ಒಂದು, ಎಸ್.ಟಿ. ಬಸ್ಸು ದಿನಕ್ಕೆ ಎರಡು ಸಲ. ಅಲ್ಲಿಂದ ಎದ್ದು ಡಾಕ್ಟರ ಹತ್ತಿರ ಹೋಗುವುದೆಂದರೆ ಒಂದು ದಿನದ ಕೂಲಿ ನೀರಿಗೆ ಬಿದ್ದಂತೆ. ಅಮೋಗಸಿದ್ಧನ ಮಗ್ಗಲು ಮಾತ್ರ ಬಿಟ್ಟಿ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಈ ಹಟ್ಟಿಯವರು ಆ ಗಾದೆಯನ್ನೇ ಸುಳ್ಳು ಮಾಡಲು ಹೊರಟಿದ್ದರು.

ಮಾತು ಹುಟ್ಟಲು ಕಾರಣ ಇರಲಿಲ್ಲ ಅಂತಲ್ಲ. ಅಮೋಗಸಿದ್ಧ ಇಪ್ಪತ್ತೆರಡು ವರ್ಷ ಗಡಚಿರೋಲಿಯ ಕಾಡಿನಲ್ಲಿ ರಸ್ತೆ ಕೆಲಸದ ಗ್ಯಾಂಗಿನ ಜೊತೆ ದುಡಿದವನು. ಕುರಿಗಳನ್ನು ತಮ್ಮ ನೋಡಿಕೊಳ್ಳುತ್ತಿದ್ದ, ಇವನು ವರ್ಷಕ್ಕೆ ಎಂಟು ತಿಂಗಳು ಅಲ್ಲಿ ಡಾಂಬರು ಕಾಯಿಸುತ್ತಿದ್ದ. ಮೊದಲ ನಾಲ್ಕು ವರ್ಷ ಅಲ್ಲಿನ ಚಳಿಜ್ವರ ಅವನನ್ನು ಹಿಂಡಿ ಹಿಪ್ಪೆ ಮಾಡಿತು. ಆಮೇಲೆ ಜ್ವರಕ್ಕೇ ಬೇಸರ ಬಂತೋ ಏನೋ, ಅವನ ಹತ್ತಿರ ಸುಳಿಯುವುದನ್ನು ಬಿಟ್ಟಿತು. ಒಂದು ವರ್ಷ ಗ್ಯಾಂಗಿನ ಹದಿನೆಂಟು ಮಂದಿ ಒಟ್ಟಿಗೇ ಹಾಸಿಗೆ ಹಿಡಿದಾಗ ಇವನೊಬ್ಬನೇ ಎದ್ದು ಓಡಾಡಿ ಎಲ್ಲರಿಗೂ ಗಂಜಿ ಕಾಯಿಸಿ ಕುಡಿಸಿದ್ದ. ಆ ಗ್ಯಾಂಗಿನಲ್ಲಿದ್ದ ಇಬ್ಬರು ಊರಿಗೆ ಬಂದು ಇದನ್ನು ಹೇಳಿದರು, ಕೇಳಿದವರು ಉಪ್ಪು ಖಾರ ಹಚ್ಚಿ ಮುಂದಕ್ಕೆ ದಾಟಿಸಿದರು. ಎರಡು ವರ್ಷದಲ್ಲಿ ಅವನು ಜ್ವರಕ್ಕೇ ಜ್ವರ ಬರಿಸಿದ ಮನುಷ್ಯನಾಗಿಬಿಟ್ಟ.

ಊರಲ್ಲಿದ್ದಾಗ ಯಾರಿಗಾದರೂ ಮೈ ಕಾದರೆ ಸಂಜೆ ಅವನ ಮನೆಗೆ ಕರೆತರುತ್ತಿದ್ದರು. ಹಣೆಗೆ ಬೀರೋಬನ ಭಂಡಾರದ ಅರಿಸಿನ ಹಚ್ಚಿ, ಅವನ ಎಡಮಗ್ಗಲಿಗೆ ಮಲಗಿಸಿ, ಅವನ ಕರಿಕಂಬಳಿಯನ್ನೇ ಇಬ್ಬರಿಗೂ ಹೊದಿಸುತ್ತಿದ್ದರು. ಬೆಳಗಾಗುವಷ್ಟರಲ್ಲಿ ಬೆವರು ಬಿಟ್ಟು ಮೈ ತಣ್ಣಗಾದರೆ ಒಂದು ತೆಂಗಿನಕಾಯಿ. ಬಂದ ಜ್ವರ ಎಂದಾದರೂ ಇಳಿಯಲೇಬೇಕಲ್ಲ. ಇಳಿದದ್ದೆಲ್ಲ ಅಮೋಗಸಿದ್ಧನ ಹೆಸರಿಗೆ, ಇಳಿಯದ್ದು ಬೀರೋಬನ ಇಚ್ಛೆಗೆ. ಅವನ ಹೆಂಡತಿ ಜನಾಬಾಯಿ, “ಊರಿಗಿ ಉಪಕಾರಿ, ಮನಿಗಿ ಮಾರಿ” ಎಂದು ಕಾಯಿ ಒಡೆಯುತ್ತಲೇ ಚೇಷ್ಟೆ ಮಾಡುತ್ತಿದ್ದಳು, ಆದರೆ ಆ ಕಾಯಿಯ ಹಿಂಡಿ ಕುಟ್ಟಿ ಓಣಿಗೆಲ್ಲ ಹಂಚುವವಳೂ ಅವಳೇ. ಅವನೂ ಮೊದಮೊದಲು ನಕ್ಕ. ಹತ್ತು ಮಂದಿ ಹತ್ತು ವರ್ಷ ಹೇಳಿದ ಮೇಲೆ ಯಾವ ಮನುಷ್ಯ ತಾನೇ ನಂಬದೆ ಇರುತ್ತಾನೆ?

ಈ ವರ್ಷ ಮೊಣಕಾಲು ಕೈಕೊಟ್ಟವು. ಶ್ರಾವಣದಲ್ಲಿ ಅವನು ಗ್ಯಾಂಗಿಗೆ ಕೈಮುಗಿದು ಊರಿಗೆ ಬಂದುಬಿಟ್ಟ. ಆ ಸಲ ಮಳೆ ಚೆನ್ನಾಗಿಯೇ ಹಿಡಿದಿತ್ತು, ಕಾಲುವೆ ಒಡೆದು ಹಟ್ಟಿಯ ಸುತ್ತ ಅಲ್ಲಲ್ಲಿ ನೀರು ನಿಂತಿತ್ತು. ದಸರೆ ಮುಗಿದ ಮರುದಿನ ಮಗಳು ಮನೀಷಾ ಸೊಲ್ಲಾಪುರದಿಂದ ತನ್ನ ಒಬ್ಬಳೇ ಮಗಳನ್ನು ಕರೆದುಕೊಂಡು ಬಸ್ಸಿಳಿದಳು. ಮನೀಷಾ ಅಕ್ಕಲಕೋಟ ರೋಡಿನ ವಠಾರದಂಥ ಒಂದು ಚಾಳದಲ್ಲಿ ಇದ್ದುಕೊಂಡು ಸಾಲಿ ಮಕ್ಕಳ ಯುನಿಫಾರ್ಮ್ ಹೊಲಿಯುವವಳು. ಗಂಡ ಸಿದ್ಧೇಶ್ವರ, ಚಿಂಚೋಳಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಗೋದಾಮಿನಲ್ಲಿ ಕೆಲಸಕ್ಕಿದ್ದ.

“ಚಾಳದಾಗ ಮೂರು ಹುಡಗ್ರಿಗಿ ಡೆಂಗ್ಯೂ ಆಗ್ಯದ ಅಪ್ಪಾ. ನಂಗ ರಾತ್ರಿ ನಿದ್ದಿ ಹತ್ತವಲ್ದು,” ಅಂದಳು ಮನೀಷಾ. “ಕಾರ್ತೀಕ ಮುಗಿಯೂ ತನಕ ಈಕಿ ಇಲ್ಲೇ ಇರಲಿ. ನಿನ್ನ ಮಗ್ಗಲಾಗ ಹಾಕ್ಕೋ.”

“ಸಾಲಿ?”

“ಸಾಲಿ ಎಲ್ಲಿಗಿ ಓಡಿ ಹೋಗ್ತದ? ಜೀವ ಇದ್ರ ಸಾಲಿ.”

ಯೋಗಿತಾಗೆ ಏಳು ವರ್ಷ. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಮೂರೇ ದಿನದಲ್ಲಿ ಅವಳು ಕುರಿದಡ್ಡಿಯ ಮರಿಗಳಿಗೆಲ್ಲ ತನ್ನ ಸಾಲಿಯ ಮಾಸ್ತರು, ಟೀಚರ್ ಬಾಯಿಯರ ಹೆಸರಿಟ್ಟಳು. ಗಣಿತದ ಮಾಸ್ತರು ಹಾಲು ಕುಡಿಯದೆ ಹಟ ಮಾಡಿದರೆ ಕಿವಿ ಹಿಂಡುವಳು, ಹೆಡ್‌ಮಾಸ್ತರು ತಪ್ಪಿಸಿಕೊಂಡರೆ ಮುತ್ಯಾ ಅಮೋಗಸಿದ್ಧನನ್ನೇ ಹುಡುಕಲು ಓಡಿಸುವಳು. ಅಮೋಗಸಿದ್ಧ ತನ್ನ ಮಗಳು ಬೆಳೆದದ್ದನ್ನು ಕಣ್ಣಾರೆ ನೋಡಿದವನಲ್ಲ. ಪ್ರತಿ ಸಲ ಊರಿಗೆ ಬಂದಾಗ ಮನೀಷಾ ಒಂದು ಗೇಣು ಎತ್ತರವಾಗಿರುತ್ತಿದ್ದಳು, ಅಷ್ಟೆ. ಆ ಎಂಟೆಂಟು ತಿಂಗಳುಗಳೆಲ್ಲ ಈಗ ಈ ಮೊಮ್ಮಗಳ ರೂಪದಲ್ಲಿ ವಾಪಸು ಬಂದಿವೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅವಳು ದಿನವೂ ಅವನ ಎಡಮಗ್ಗಲಿಗೇ ಮಲಗಿದಳು. ಅಂಗಳದಲ್ಲಿ, ದಡ್ಡಿಯ ಪಕ್ಕದಲ್ಲಿ, ಒಂದೇ ಕಂಬಳಿಯಲ್ಲಿ, ಐದು ವಾರ.

ಐದನೆಯ ವಾರ ಅವಳ ಮೈ ಕಾಯಿತು. ಜನಾಬಾಯಿ ಭಂಡಾರ ಹಚ್ಚಿದಳು, ಅಮೋಗಸಿದ್ಧ ಕೂಸನ್ನು ಅವುಚಿಕೊಂಡು ಮಲಗಿದ. ಬೆಳಿಗ್ಗೆ ಬೆವರಿ ಜ್ವರ ಇಳಿಯಿತು, ಕೂಸು ರೊಟ್ಟಿ ಶೇಂಗಾಹಿಂಡಿ ತಿಂದು ಗಣಿತದ ಮಾಸ್ತರ ಹಿಂದೆ ಓಡಿತು. ನೋಡಿದಿರಾ ಎಂದು ಓಣಿಯವರು ಒಬ್ಬರಿಗೊಬ್ಬರು ಹೇಳಿಕೊಂಡರು. ಸಂಜೆ ಮತ್ತೆ ಬಂತು. ಮತ್ತೆ ಮಗ್ಗಲು ಕೊಟ್ಟ. ಆಶಾ ಕಾರ್ಯಕರ್ತೆ ನಂದಾ ಪಕ್ಕದ ಊರಲ್ಲೇ ಇದ್ದಳು, ಬೆರಳಿಗೆ ಒಂದು ಸೂಜಿ ಚುಚ್ಚಿದ್ದರೆ ಕಾಲು ತಾಸಿನಲ್ಲಿ ಗೊತ್ತಾಗುತ್ತಿತ್ತು. ಅವಳನ್ನು ಕರೆಯಲಿಲ್ಲ. ಮನೀಷಾಗೆ ಫೋನ್ ಮಾಡಲಿಲ್ಲ. ಜ್ವರ ಅಂಜುವ ಮನುಷ್ಯನ ಮನೆಯಲ್ಲಿ ಜ್ವರಕ್ಕೆ ಡಾಕ್ಟರನ್ನು ಕರೆಸುವುದೆಂದರೆ ಹೇಗೆ? ಮೂರನೆಯ ದಿನ ಮಧ್ಯಾಹ್ನ ಕೂಸಿನ ಕಣ್ಣು ಮೇಲೆ ಸಿಕ್ಕಿಕೊಂಡು ಕೈಕಾಲು ಸೆಟೆದವು. ಅಕ್ಕಲಕೋಟದ ದವಾಖಾನೆಯವರು ಕೂಡಲೇ ಔಷಧ ಶುರುಮಾಡಿ ಸೊಲ್ಲಾಪುರಕ್ಕೆ ಕಳಿಸಿದರು. ಸೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿ ಎರಡು ದಿನ ಇದ್ದಳು. ಮಲೇರಿಯಾ ಮೆದುಳಿಗೆ ಏರಿದೆ ಅಂದರು. ಮೂರನೆಯ ದಿನದ ಬೆಳಗು ಅವಳು ನೋಡಲಿಲ್ಲ.

ಕೂಸಿಗೆ ಸೊಲ್ಲಾಪುರದಲ್ಲೇ ಮಣ್ಣು ಕೊಟ್ಟರು. ಮನೀಷಾ ಅಂದು ತಂದೆಯ ಮುಂದೆಯೇ ಹಾದುಹೋದಳು, ಅವನ ಕಡೆ ನೋಡಲಿಲ್ಲ. ಅಂದಿನಿಂದ ಒಂದು ಮಾತಿಲ್ಲ. ಅಮೋಗಸಿದ್ಧ ದಿನಕ್ಕೆರಡು ಸಲ ಫೋನ್ ಹಚ್ಚುತ್ತಿದ್ದ. ಎತ್ತುತ್ತಿದ್ದವನು ಅಳಿಯ. “ಆಕಿ ಮಲಗ್ಯಾಳ ಮಾಮಾ,” ಅನ್ನುತ್ತಿದ್ದ ಸಿದ್ಧೇಶ್ವರ. ಬೆಳಿಗ್ಗೆ ಹತ್ತಕ್ಕೂ ಮಲಗಿದ್ದಾಳೆ, ಸಂಜೆ ಆರಕ್ಕೂ ಮಲಗಿದ್ದಾಳೆ, ಹಿಂದೆ ಹೊಲಿಗೆಯಂತ್ರದ ಸದ್ದು ಮಾತ್ರ ಕೇಳಿಸುತ್ತಿದೆ. ಅವನು ಊಟ ಬಿಟ್ಟ. ಮಗಳು ಬೈದರೂ ಸಾಕಿತ್ತು. ಅವಳ ಬಾಯಿಂದ ಒಂದು ಮಾತು ಬರಲಿ ಎಂದು ಅವನು ಬೀರೋಬನ ಮುಂದೆ ಕೂತು ಬೇಡಿಕೊಂಡ. ಬೇರೆ ಯಾವ ಆಸೆಯೂ ಅವನಲ್ಲಿ ಉಳಿದಿರಲಿಲ್ಲ.

ಹದಿನಾರನೆಯ ದಿನ ಹಿವತಾಪ, ಅಂದರೆ ಮಲೇರಿಯಾ ವಿಭಾಗದವರು ಜೀಪಿನಲ್ಲಿ ಬಂದು ಹಟ್ಟಿಯ ಪ್ರತಿಯೊಬ್ಬರ ಬೆರಳು ಚುಚ್ಚಿ ರಕ್ತ ನೋಡಿದರು. ಸಂಜೆ ನಂದಾ ಅಮೋಗಸಿದ್ಧನ ಮನೆಗೆ ಬಂದಳು. ಕೂತಳು, ನೀರು ಕುಡಿದಳು, ಚಹಾ ಕುಡಿದಳು. ಕೊನೆಗೆ ತಂಬಿಗೆಯ ಕಡೆ ನೋಡುತ್ತ ಹೇಳಿದಳು.

“ಮಾಮಾ, ನಿಮ್ಮ ರಗತ ಜರಾ ಬ್ಯಾರೆ ನಮೂನಿ ಅದ. ಸೊಲ್ಲಾಪುರದಾಗ ಒಬ್ಬ ಡಾಕ್ಟರ್ ಬಾಯಿ ಅದನ್ನೇ ಅಭ್ಯಾಸ ಮಾಡಾಕತ್ಯಾರ. ನಾಳಿ ಹೋಗೂಣು. ಗುಳಿಗಿನೂ ಅಲ್ಲೇ ಕೊಡ್ತಾರ.”

“ಹಟ್ಟಿಯಾಗ ಮತ್ತ್ಯಾರದರೆ ಅದೇನು?”

“ಇಲ್ರಿ. ನಿಮ್ಮದೊಂದೇ.”

ನೋಡಿ, ದುಃಖದಲ್ಲಿರುವ ಮನುಷ್ಯನ ಕಿವಿ ತನಗೆ ಬೇಕಾದದ್ದನ್ನೇ ಕೇಳುತ್ತದೆ. ನಂದಾ ಹೇಳಲಾರದೆ ನುಂಗಿದ್ದು ಒಂದು, ಅವನು ತಿಳಿದುಕೊಂಡದ್ದು ಇನ್ನೊಂದು. ಹದಿನೆಂಟು ಮಂದಿ ಮಲಗಿದಾಗ ತಾನೊಬ್ಬನೇ ಎದ್ದು ನಿಂತದ್ದು ಸುಳ್ಳಲ್ಲವಲ್ಲ, ಅಂಥ ಗಟ್ಟಿ ರಕ್ತ ದೊಡ್ಡ ಡಾಕ್ಟರ ಕಣ್ಣಿಗೂ ಬಿದ್ದಿದೆ ಎಂದುಕೊಂಡ. ಮಗ್ಗಲಿನಿಂದ ಆಗದ್ದು ಆ ರಕ್ತವನ್ನು ತೆಗೆದುಕೊಟ್ಟರೆ ಆಗಬಹುದು, ಯಾವುದಾದರೂ ಕೂಸು ಉಳಿದೀತು, ಆಗ ಮನೀಷಾಳ ಮನೆಗೆ ಹೋಗಿ ಹೇಳಲು ಒಂದು ಮಾತಾದರೂ ಸಿಗುತ್ತದೆ. ಹದಿನಾರು ದಿನದ ಮೇಲೆ ಅವನು ಆ ಸಂಜೆ ಅರ್ಧ ರೊಟ್ಟಿ ತಿಂದ. ಜನಾಬಾಯಿ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮರುದಿನ ಮೊದಲ ಬಸ್ಸಿಗೆ ಹೊರಟರು. ಡಾಕ್ಟರ್ ಪ್ರಣಿತಾ ಮೂವತ್ತು ದಾಟದ ಹೆಣ್ಣುಮಗಳು. ತವರು ಅಕ್ಕಲಕೋಟದ ಕಡೆಯದೇ, ಹಾಗಾಗಿ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಸಣ್ಣ ಕೋಣೆ, ಒಂದು ಫ್ರಿಜ್ಜು, ಒಂದು ಟೇಬಲ್ಲು. ಅವಳು ಅವನ ನಾಡಿ ನೋಡಿದಳು, ಕಣ್ಣಿನ ರೆಪ್ಪೆ ಎತ್ತಿ ನೋಡಿದಳು.

“ಅಜ್ಜಾರ, ಈಗ ಜ್ವರ ಅದ ಏನ್ರಿ? ಥಂಡಿ? ತಲಿಶೂಲಿ?”

“ಹದಿನೆಂಟು ವರ್ಷದಿಂದ ಒಂದು ದಿನಾ ಜ್ವರ ಬಂದಿಲ್ರಿ ಬಾಯಾರ,” ಅಂದ ಅವನು. ಬಸ್ಸಿನುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತನ್ನು ತಡೆದುಕೊಳ್ಳಲಾಗಲಿಲ್ಲ. “ನನ್ನ ರಗತದಾಗ ಏನ್ ಅದನೋ ಅದನ್ನ ತಗದು ಸಣ್ಣ ಕೂಸುಗಳಿಗಿ ಕೊಡಾಕ ಬರ್ತದೇನ್ರಿ? ಬರ್ತಿದ್ರ ಎಷ್ಟು ಬೇಕೋ ಅಷ್ಟು ತಗೋರಿ. ನನಗೇನೂ ಉಳೀಬೇಕಾಗಿಲ್ಲ.”

ಪ್ರಣಿತಾ ಪೆನ್ನು ಕೆಳಗಿಟ್ಟು ನಂದಾಳ ಮುಖ ನೋಡಿದಳು. ನಂದಾ ತನ್ನ ಚೀಲದ ಗುಂಡಿ ಹಾಕುವುದರಲ್ಲಿ ತೊಡಗಿದ್ದಳು. ಮುದುಕನಿಗೆ ಯಾರೂ ಏನೂ ಹೇಳಿಲ್ಲವೆಂಬುದು ಡಾಕ್ಟರಿಗೆ ಆಗ ತಿಳಿಯಿತು. ಅವಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

“ಹಂಗ ಕೊಡಾಕ ಬರೂದಿಲ್ರಿ ಅಜ್ಜಾರ. ನಾ ತಿಳಿಸಿ ಹೇಳ್ತೀನಿ. ನಮ್ಮ ಮೈಯಾಗ ಪಹರೆ ಕಾಯೂ ಕಣ ಇರ್ತಾವ. ರೋಗದ ಹುಳ ಕಂಡ ಕೂಡಲೇ ಅವು ಒಂದಕ್ಕೊಂದು ಸುದ್ದಿ ಮುಟ್ಟಸ್ತಾವ. ಆ ಸುದ್ದಿ ಒಯ್ಯೂ ಅಣುಗಳಿಗಿ ಸೈಟೊಕೈನ್ ಅಂತ ಹೆಸರು. ಕೆಲವು, ಎದ್ದೇಳ್ರಿ, ಹೊಡೀರಿ ಅಂತ ಹೇಳ್ತಾವ. ಮೈ ಕಾಯೂದು, ನಡಗೂದು, ಎಲ್ಲಾ ಆ ಗದ್ದಲದ ಸಲುವಾಗಿ. ಇನ್ನ ಕೆಲವು, ಸಾಕು, ಸುಮ್ಮನಾಗ್ರಿ ಅಂತ ಹೇಳ್ತಾವ. ಎರಡೂ ಬೇಕು. ಗದ್ದಲಾ ಕಮ್ಮಿ ಆದ್ರ ಹುಳ ಬೆಳೀತಾವ, ಹೆಚ್ಚಾದ್ರ ಮನುಷ್ಯಾಗೇ ಧಕ್ಕಿ.”

ಅಮೋಗಸಿದ್ಧ ತಲೆದೂಗಿದ. ಓದಿದ್ದು ಮರಾಠಿ ನಾಲ್ಕನೆಯ ಇಯತ್ತೆ, ಆದರೆ ಇದು ಅವನಿಗೆ ತಿಳಿಯದ ವಿಷಯವಲ್ಲ.

“ದಡ್ಡಿಯಾಗ ನಾಯಿ ಬೊಗಳಿದಂಗ ಅನ್ರಿ.”

“ಹೆಂಗ್ರಿ?”

“ಹೊಸಾ ನಾಯಿ ತೋಳ ಕಂಡ್ರ ಹುಚ್ಚ ಹಿಡದಂಗ ಬೊಗಳಕೋತ ದಡ್ಡಿ ಒಳಗೇ ಓಡ್ಯಾಡ್ತದ. ಕುರಿ ಬೆದರಿ ಒಂದರ ಮ್ಯಾಲ ಒಂದು ಬೀಳ್ತಾವ. ತೋಳ ಒಯ್ಯೂದು ಒಂದು, ಆ ಗದ್ದಲದಾಗ ತುಳತಕ್ಕ ಸಾಯೂ ಮರಿ ಹತ್ತು.”

“ಇದಕ್ಕಿಂತ ಚಲೋ ಹೇಳಾಕ ನನಗೂ ಬರೂದಿಲ್ರಿ,” ಅಂದಳು ಪ್ರಣಿತಾ.

“ನಮ್ಮ ಯೋಗಿತಾಗ ಹಂಗೇ ಆತೇನ್ರಿ?”

“ಬಹುತೇಕ ಹಂಗೇ ಅಜ್ಜಾರ. ಆಕಿ ಮೈ ಮಲೇರಿಯಾ ಅಂಬೂದನ್ನ ಎಂದೂ ಕಂಡಿರಲಿಲ್ಲ. ಹುಳ ತಲಿಯೊಳಗಿನ ಸಣ್ಣ ನರದಾಗ ಸಿಕ್ಕೊಂಡು ಕೂತ್ವು, ಅವನ್ನ ಹೊಡ್ಯಾಕ ಮೈಯೆಲ್ಲಾ ಒಮ್ಮೆಲೆ ಕೂಗ್ತು. ಆ ಕೂಗೇ ಆಕಿಗಿ ಭಾರ ಆತು.” ಅವಳು ಅವನ ಕೈ ಮೇಲೆ ಕೈಯಿಟ್ಟಳು. “ಆಕಿ ಅಶಕ್ತ ಕೂಸು ಅಂತ ತಿಳೀಬ್ಯಾಡ್ರಿ. ತನ್ನಲ್ಲಿದ್ದ ಶಕ್ತಿ ಎಲ್ಲಾ ಹಾಕಿ ಕಾದಾಡ್ಯಾಳ.”

ಗಣಿತದ ಮಾಸ್ತರ ಕಿವಿ ಹಿಂಡುತ್ತಿದ್ದ ಆ ಎರಡು ಪುಟ್ಟ ಕೈಗಳು ಅವನ ಕಣ್ಣಿಗೆ ಕಟ್ಟಿದವು. ಆಮೇಲೆ ಕೇಳಿದ.

“ಮತ್ತ ನನ್ನ ಮೈ?”

“ನಿಮ್ಮ ಮೈ ವರ್ಷಾನುಗಟ್ಟಲೆ ಆ ಹುಳ ಕಂಡದ. ಅದಕ್ಕ ಈಗ ಗದ್ದಲಾ ಬ್ಯಾಡಾಗ್ಯದ. ಸುಮ್ಮನಾಗ್ರಿ ಅನ್ನೂ ಸುದ್ದಿ ನಿಮ್ಮಲ್ಲಿ ಜಾಸ್ತಿ ಇರಬೇಕು ಅಂತ ನನ್ನ ಅಂದಾಜು. ಹುಳ ಹೆಚ್ಚಾಗಾಕ ಬಿಡೂದಿಲ್ಲ, ಜ್ವರಾನೂ ಬರಾಕ ಬಿಡೂದಿಲ್ಲ. ಅದು ಹೆಂಗ ಅಂತ ಗೊತ್ತಾದ್ರ ಮುಂದ ಒಂದಿನ ಯಾವದರೆ ಕೂಸಿನ ಮೈಯಾಗಿನ ಗದ್ದಲಾ ಇಳಸಾಕ ಬರಬಹುದು. ಬರಬಹುದು ಅಷ್ಟೇರಿ. ನಮಗೂ ಪೂರಾ ತಿಳದಿಲ್ಲ.”

ಇಷ್ಟಕ್ಕೇ ಸುಮ್ಮನಾಗಿದ್ದರೆ ಅವನು ಅರ್ಧ ಸಮಾಧಾನದಲ್ಲಾದರೂ ಮನೆಗೆ ಹೋಗುತ್ತಿದ್ದ. ಆದರೆ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು, ನಾಯಿಯ ಮಾತು ಒಮ್ಮೆ ತಲೆಗೆ ಬಂದ ಮೇಲೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅವನ ಅಪ್ಪನ ಕಾಲದಲ್ಲಿ ಒಂದು ಮುದಿನಾಯಿ ಇತ್ತು. ತೋಳ ಕಂಡರೂ ಬೊಗಳುತ್ತಿರಲಿಲ್ಲ. ದಡ್ಡಿಗೆ ತೋಳದ ಕಾಟ ತಪ್ಪಿತು ಎಂದು ಎಲ್ಲರೂ ನೆಮ್ಮದಿಯಾಗಿದ್ದರು. ಮೊದಲು ಮರಿ ಕಾಣೆಯಾದದ್ದು ಪಕ್ಕದವರ ದಡ್ಡಿಯಲ್ಲಿ.

“ಬಾಯಾರ,” ಅಂದ ಅವನು ನಿಧಾನಕ್ಕೆ, “ಮುದಿ ನಾಯಿ ಬೊಗಳೂದು ಬಿಟ್ತು ಅಂದ್ರ ತೋಳ ಹೋತು ಅಂತ ಅಲ್ಲಲ್ರಿ. ನಾಯಿಗಿ ರೂಢಿ ಆಗ್ಯದ ಅಂತ.”

ಪ್ರಣಿತಾ ಅವನ ಅಂಗೈಯನ್ನು ತನ್ನ ಕೈಯಲ್ಲಿ ತಗೊಂಡಳು.

“ಹಂಗಾರ ತೋಳ ಈಗ ಎಲ್ಲಿ ಅದ?” ಎಂದು ಕೇಳಿದ ಅವನು.

ನಂದಾ ಮುಖ ಮುಚ್ಚಿಕೊಂಡಳು. ಪ್ರಣಿತಾ ಅವನ ಕೈಯನ್ನು ಬಿಡಲಿಲ್ಲ. ಸುಳ್ಳು ಹೇಳುವುದು ಅವಳಿಗೆ ಆ ಗಳಿಗೆಯಲ್ಲಿ ಸುಲಭವಿತ್ತು, ಹೇಳಲಿಲ್ಲ.

“ನಿಮ್ಮ ರಗತದಾಗೇ ಅದರಿ ಅಜ್ಜಾರ. ನಿನ್ನಿ ತಪಾಸದಾಗ ಕಂಡದ. ನಿಮಗ ಏನೂ ಮಾಡ್ಲಾರದೇ ಕೂತದ.”

“ಸೊಳ್ಳಿ ನನ್ನ ಕಚ್ಚಿ, ಆಮ್ಯಾಲ ಮಗ್ಗಲಾಗ ಇದ್ದಾಕಿನ್ನ ಕಚ್ಚಿದ್ರ?”

“ಕೂಡಲೇ ಹತ್ತೂದಿಲ್ಲ. ಸೊಳ್ಳಿ ಹೊಟ್ಟ್ಯಾಗ ಅದು ಬೆಳ್ಯಾಕ ಹತ್ತು ಹನ್ನೆರಡು ದಿನ ಬೇಕು.”

“ಆಕಿ ಐದು ವಾರ ಮಲಗಿದ್ಲು.”

“ಖಾತ್ರಿಲೆ ಹೇಳಾಕ ಯಾರಿಗೂ ಬರೂದಿಲ್ರಿ,” ಅಂದಳು ಪ್ರಣಿತಾ, ಆದರೆ ಅವಳ ದನಿಯಲ್ಲಿ ಬಲವಿರಲಿಲ್ಲ. ಹಟ್ಟಿಯಲ್ಲಿ ಬೇರೆ ಯಾರ ರಕ್ತದಲ್ಲೂ ಅದು ಇಲ್ಲವೆಂದು ನಿನ್ನೆ ನಂದಾಳೇ ಹೇಳಿದ್ದಳಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಅವನು ಅಳಲಿಲ್ಲ. ಅಳು ಬರುವ ಜಾಗವೇ ಬತ್ತಿಹೋದಂತಿತ್ತು. ತೋಳು ಚಾಚಿ ರಕ್ತ ಕೊಟ್ಟ, ತೋರಿಸಿದಲ್ಲಿ ಮರಾಠಿಯಲ್ಲಿ ಸಹಿ ಮಾಡಿದ, ಅವರ ಕಣ್ಣೆದುರಿಗೇ ಗುಳಿಗೆ ನುಂಗಿದ. ಇನ್ನೆರಡು ದಿನ ನುಂಗಿದರೆ ರಕ್ತ ಸ್ವಚ್ಛವಾಗುತ್ತದೆ ಅಂದರು. ಮೂರೇ ದಿನದ ಗುಳಿಗೆ. ಶ್ರಾವಣದಲ್ಲಿ ಊರಿಗೆ ಬಂದ ದಿನ ಯಾರಾದರೂ ಇದನ್ನು ಕೈಗೆ ಕೊಟ್ಟಿದ್ದರೆ ಅವನು ತಗೊಳ್ಳುತ್ತಿದ್ದನೇ? ನಗುತ್ತಿದ್ದ. ಜ್ವರ ಇಲ್ಲದವನಿಗೆ ಜ್ವರದ ಗುಳಿಗೆ ಯಾಕೆ ಎಂದು ನಾಲ್ಕು ಮಂದಿಯ ಮುಂದೆ ಚೇಷ್ಟೆ ಮಾಡುತ್ತಿದ್ದ. ಅದು ಅವನಿಗೆ ಗೊತ್ತಿತ್ತು, ಅದೇ ಅವನನ್ನು ಒಳಗೊಳಗೇ ಕೊಯ್ಯುತ್ತಿತ್ತು.

ಹೊರಗೆ ಬಂದ ಮೇಲೆ ನಂದಾ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಅವನು ನಿಂತಲ್ಲೇ ನಿಂತ.

“ನಾ ಮನೀಷಾನ ಮನಿಗಿ ಹೋಗಿ ಬರ್ತೀನಿ.”

“ಈಗ ಬ್ಯಾಡ್ರಿ ಮಾಮಾ. ಹೇಳಿ ಏನ್ ಮಾಡೂದದ? ಹೋದ ಕೂಸು ಬರ್ತದೇನು?”

“ನಾ ಹೇಳಲಿಲ್ಲ ಅಂದ್ರ ಆಕಿ ತನ್ನ ನಸೀಬ ಬೈಕೋತ ಕೂಡ್ತಾಳ,” ಅಂದ ಅಮೋಗಸಿದ್ಧ. “ಬೈಯಾಕ ಆಕಿಗಿ ಒಂದು ಮುಖ ಬೇಕು.”

ಚಾಳದ ಎರಡನೆಯ ಮಹಡಿಯ ಕೋಣೆ. ಸಿದ್ಧೇಶ್ವರ ಪಾಳಿಗೆ ಹೋಗಿದ್ದ. ಬಾಗಿಲು ತೆರೆದೇ ಇತ್ತು. ಮನೀಷಾ ಯಂತ್ರದ ಮುಂದೆ ಕೂತಿದ್ದಳು, ಸುತ್ತ ನೀಲಿ ಅಂಗಿಗಳ ರಾಶಿ. ಎರಡನೇ ಇಯತ್ತೆ, ಮೂರನೇ ಇಯತ್ತೆಯ ಮಕ್ಕಳ ಅಳತೆಯವು. ಅವುಗಳಿಗೆ ಕಾಲರ್ ಹಚ್ಚುತ್ತಿದ್ದಳು. ತಂದೆಯನ್ನು ನೋಡಿದಳು, ಮತ್ತೆ ಹೊಲಿಗೆಯ ಕಡೆ ತಿರುಗಿದಳು. ಹದಿನೇಳು ದಿನದಲ್ಲಿ ಅವಳ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಅವನು ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತ. ಯಂತ್ರದ ಸದ್ದಿನ ಮೇಲೇ ಮಾತಾಡಿದ.

“ಮನೀಷಾ, ಅದು ನನ್ನ ರಗತದಾಗ ಇತ್ತು. ಯೋಗಿತಾಗ ಹತ್ತಿದ ಹುಳ. ಕಾಡಿನಿಂದ ನಾನೇ ತಂದೀನಿ. ನನಗ ಏನೂ ಮಾಡಲಿಲ್ಲ ಅದು, ಸುಮ್ಮ ಕೂತಿತ್ತು. ಸೊಳ್ಳಿ ಒಯ್ದು ಆಕಿಗಿ ಹಚ್ಚ್ಯಾವ. ಡಾಕ್ಟರ್ ಬಾಯಿ ಖಾತ್ರಿ ಇಲ್ಲ ಅಂದ್ಲು. ನಂಗ ಖಾತ್ರಿ ಅದ.”

ಯಂತ್ರ ನಿಂತಿತು. ಮನೀಷಾ ಸೂಜಿಯ ಕೆಳಗಿನ ಬಟ್ಟೆಯನ್ನೇ ನೋಡುತ್ತಿದ್ದಳು.

“ನಂಗ ಗೊತ್ತದ,” ಅಂದಳು.

ಅವಳ ಮಾತಿಗಾಗಿ ಹದಿನೇಳು ದಿನ ಹಂಬಲಿಸಿದ್ದ. ಬಂದ ಮಾತು ಇದು.

“ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಆಕಿ ಉಸಿರು ಇನ್ನಾ ಇತ್ತು, ದವಾಖಾನ್ಯಾಗ ಡಾಕ್ಟರ್ ಕೇಳಿದ್ರು, ಮನಿಯಾಗ ಯಾರರೆ ಜಂಗಲ್ ಕಡಿ ಹೋಗಿ ಬಂದಾರೇನು ಅಂತ. ಅವರು ಕೇಳಿದ ಕೂಡಲೇ ನಂಗ ತಿಳೀತು. ನಾ ಇಲ್ಲ ಅಂದೆ.”

“ಯಾಕ ಇಲ್ಲ ಅಂದಿ?”

“ನೀ ಬಾಗಲದಾಗೇ ನಿಂತಿದ್ದಿ, ಅಪ್ಪಾ.”

ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಅವಳು ಮುಂದುವರಿಸಿದಳು, ದನಿ ಏರಲಿಲ್ಲ. “ಅದಕ್ಕೇ ಮಾತಾಡಲಿಲ್ಲ. ಬಾಯಿ ತಗದ್ರ ಅದೇ ಬರ್ತಿತ್ತು.”

“ಬೈಯಿ ನನ್ನ. ಮನಸಿಗಿ ಬಂದಂಗ ಬೈಯಿ. ಅದರ ಸಲುವಾಗೇ ಬಂದೀನಿ.”

“ಏನಂತ ಬೈಲಿ? ಬಸ್ಸಿನಾಗ ಕರಕೊಂಡು ಬಂದು ನಿನ್ನ ಮಗ್ಗಲಾಗ ಹಾಕಿದಾಕಿ ಯಾರು? ಸಾಲಿ ಬಿಡಿಸಿದಾಕಿ ಯಾರು? ಚಾಳದಾಗಿನ ಆ ಮೂರೂ ಹುಡಗ್ರು ಆರಾಮ ಆಗ್ಯಾವ. ದಿನಾ ಇದೇ ಗ್ಯಾಲರ್ಯಾಗ ಆಡ್ತಾವ.”

ಹೊರಗೆ ನಿಜಕ್ಕೂ ಮಕ್ಕಳು ಓಡಾಡುವ ಸದ್ದು ಕೇಳುತ್ತಿತ್ತು. ಇಬ್ಬರೂ ಅದನ್ನು ಕೇಳುತ್ತ ಕೂತರು. ಆಮೇಲೆ ಮನೀಷಾ ಸ್ಟೂಲಿನಿಂದ ಇಳಿದು ಬಂದು, ಕೂಸು ಹೋದ ಮೇಲೆ ಮೊದಲ ಸಲ ಅವನ ಎದುರಿಗೆ ನೆಲದ ಮೇಲೆ ಕೂತಳು.

“ಒಂದು ಕೇಳ್ತೀನಿ, ಖರೇ ಹೇಳು. ನಾ ಬರೂದ್ರಾಗ ಆಕಿ ಬಾಯಿ ನಿಂತಿತ್ತು. ಕಡೀಕ ನಿನ್ನ ಕೂಡ ಏನ್ ಮಾತಾಡಿದ್ಲು? ನನ್ನ ನೆನಿಸಿದ್ಲೇನು?”

ಈ ಪ್ರಶ್ನೆಯನ್ನು ಜನಾಬಾಯಿ ಕೇಳಿದ್ದಳು, ಸಿದ್ಧೇಶ್ವರ ಕೇಳಿದ್ದ, ಮಣ್ಣಿಗೆ ಬಂದವರೆಲ್ಲ ಕೇಳಿದ್ದರು. ಎಲ್ಲರಿಗೂ ಅವನು ಏನೂ ಅನ್ನಲಿಲ್ಲ, ಮಲಗೇ ಇದ್ದಳು ಎಂದಿದ್ದ. ಅದನ್ನೇ ಇನ್ನೊಮ್ಮೆ ಹೇಳಬಹುದಿತ್ತು. ಎದುರಿಗೆ ಕೂತವಳು ತನಗಾಗಿ ದವಾಖಾನೆಯಲ್ಲಿ ಸುಳ್ಳಾಡಿದ ಮಗಳು. ಅವಳಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ನಿಜ ಹೇಳುವುದಕ್ಕೂ ಅವನು ಗೋಡೆಯನ್ನು ಹಿಡಿದುಕೊಳ್ಳಬೇಕಾಯಿತು.

“ನೆನಿಸಿದ್ಲು. ಮೂರನೇ ದಿನ ಮುಂಜಾನಿ. ಥಂಡಿ ಹತ್ತಿ ನಡಗಾಕತ್ತಿದ್ಲು. ಮುತ್ಯಾ, ಮಮ್ಮಿಗಿ ಫೋನ್ ಹಚ್ಚು, ಮಮ್ಮಿ ಬಂದು ಕರಕೊಂಡು ಹೋಗಲಿ ಅಂದ್ಲು.”

ಮನೀಷಾ ಇನ್ನಷ್ಟು ಹತ್ತಿರ ಸರಿದಳು.

“ಫೋನ್ ಎಲ್ಲಿತ್ತು?”

“ನನ್ನ ಕಿಸೇದಾಗ.”

“ನೀ ಏನಂದಿ?”

“ಮಮ್ಮಿ ಯಾಕ, ನಾ ಇದ್ದೀನಲಾ ಅಂದೆ.” ಅವನು ಕಿಸೆಯ ಮೇಲೆ ಕೈಯಿಟ್ಟುಕೊಂಡ. “ಎರಡು ಸಲ ಕೇಳಿದ್ಲು, ಮನೀಷಾ. ಎರಡು ಸಲಾನೂ ಹಂಗೇ ಅಂದೆ.”

ಅವಳು ಕೂಗಾಡುತ್ತಾಳೆ, ಎದೆಗೆ ಗುದ್ದುತ್ತಾಳೆ ಎಂದುಕೊಂಡು ಅವನು ಕಣ್ಣು ಮುಚ್ಚಿದ. ಏನೂ ಆಗಲಿಲ್ಲ. ಕಣ್ಣು ತೆರೆದಾಗ ಮನೀಷಾ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು.

“ನನ್ನ ಕರದ್ಲು,” ಅಂದಳು, ಅವನಿಗಲ್ಲ, ತನಗೇ. “ಎರಡು ಸಲ ಕರದ್ಲು.” ಆಮೇಲೆ ಹೊಲಿಯದೆ ಉಳಿದಿದ್ದ ಅಂಗಿಗಳ ಮೇಲೆ ಬಾಗಿ ಅತ್ತಳು. ಹಣೆ ನೆಲಕ್ಕೆ ಹತ್ತುವಂತೆ ಬಾಗಿ, ಗಂಟಲು ಬಿಟ್ಟು, ಇಡೀ ಚಾಳಕ್ಕೆ ಕೇಳುವ ಹಾಗೆ ಅತ್ತಳು. ಗ್ಯಾಲರಿಯ ಮಕ್ಕಳ ಆಟ ನಿಂತುಹೋಯಿತು. ಅಮೋಗಸಿದ್ಧ ಕೈ ಚಾಚಿದ, ಅವಳ ಬೆನ್ನು ಮುಟ್ಟಬಹುದೋ ಬಾರದೋ ತಿಳಿಯದೆ ಹಿಂದಕ್ಕೆ ತಗೊಂಡ.

ಎಷ್ಟೋ ಹೊತ್ತಿನ ಮೇಲೆ ಅವಳು ಎದ್ದು ಕೂತು ಮುಖ ಒರೆಸಿಕೊಂಡಳು.

“ಅಪ್ಪಾ, ಈಗ ನೀ ಹೋಗು,” ಅಂದಳು. “ಬಸ್ ತಪ್ಪತದ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಅದನ್ನಾದರೂ ಹಿಡಿದುಕೊಂಡು ಇನ್ನು ನಾಲ್ಕು ದಿನ ಬದುಕುತ್ತಿದ್ದ. ಗೋಡೆ ಹಿಡಿದು ಎದ್ದ, ಮೊಣಕಾಲು ಸಾವರಿಸಿಕೊಂಡು ಮೆಟ್ಟಿಲು ಇಳಿದ. ಕೆಳಗೆ ಬಂದು ನಿಂತಾಗ ಮೇಲೆ ಹೊಲಿಗೆಯಂತ್ರ ಮತ್ತೆ ಶುರುವಾದದ್ದು ಕೇಳಿಸಿತು.